ಮೈ ನೋಡಿ ಕ್ಯಾಮೆರಾ ಕೊಳ್ಳುವವರಿಗೆ

ಹೋದ ವಾರ ಗುಬ್ಬಿ ಕಡೆಯ ಹುಡುಗನೊಬ್ಬ ನಮ್ಮ ಸ್ಟುಡಿಯೋಗೆ ಬಂದ. ಡಿಗ್ರಿ ಮುಗಿಸಿದ್ದಾನೆ, ಮದುವೆ ಫೋಟೋಗೆ ಇಳಿಯಬೇಕು ಅಂತ ಆಸೆ. ಫೋನಿನಲ್ಲಿ ಹನ್ನೊಂದು ಕ್ಯಾಮೆರಾಗಳ ಚಿತ್ರ ಇಟ್ಟುಕೊಂಡಿದ್ದ. "ಅಕ್ಕಾ, ಇದ್ರಲ್ಲಿ ಯಾವ್ದು ತಗೊಳ್ಲಿ?" ಅಂದ. "ನಿಂಗ್ಯಾವ್ದು ಇಷ್ಟ ಆಯ್ತು?" ಅಂತ ಕೇಳಿದೆ. ಒಂದು ಕ್ಷಣವೂ ಯೋಚಿಸಲಿಲ್ಲ. ಬೆಳ್ಳಿ ಬಣ್ಣದ, ನೆತ್ತಿ ಮೇಲೆ ಮೂರು ಡಯಲ್ ಇರುವ, ತಾತನ ಕಾಲದ್ದರ ಹಾಗೆ ಕಾಣುವ ಒಂದನ್ನು ತೋರಿಸಿದ.

"ಯಾಕೆ ಅದು?"

"ಸುಮ್ನೆ... ನೋಡೋಕೆ ಚೆನ್ನಾಗಿದೆ ಅಲ್ವಾ?"

ಚೆನ್ನಾಗೇ ಇತ್ತು. ನಾನು ನಗಲಿಲ್ಲ. ತುಮಕೂರಿನ ಅಶೋಕ ರಸ್ತೆ ಹಿಂದಿನ ಗಲ್ಲಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಸ್ಟುಡಿಯೋ ನಡೆಸುತ್ತಿದ್ದೇನೆ. ಮದುವೆ, ನಾಮಕರಣ, ಪಾಸ್‌ಪೋರ್ಟ್ ಫೋಟೋ ಎಲ್ಲ ಮಾಡುತ್ತೇನೆ. ಹಳೇ ಬಾಡಿ, ಅಂದರೆ ಲೆನ್ಸ್ ಬಿಟ್ಟು ಬರೀ ಕ್ಯಾಮೆರಾ, ಕೊಂಡು ಮಾರುವುದೂ ಉಂಟು. ಇಷ್ಟು ವರ್ಷದಲ್ಲಿ ಸೆನ್ಸರ್, ಅಂದರೆ ಬೆಳಕು ಹಿಡಿದು ಚಿತ್ರ ಮಾಡುವ ಒಳಗಿನ ಚಿಪ್, ನೋಡಿ ಕ್ಯಾಮೆರಾ ಕೊಂಡವರನ್ನು ಬೆರಳಲ್ಲಿ ಎಣಿಸಬಹುದು. ಉಳಿದವರೆಲ್ಲ ಮೈ ನೋಡಿ ಮನಸ್ಸು ಮಾಡಿ, ಆಮೇಲೆ ಸೆನ್ಸರ್ ಹೆಸರು ಹೇಳಿ ಮನೆಯವರನ್ನು ಒಪ್ಪಿಸಿದವರು. ನಾನೂ ಅದೇ ಸಾಲಿನವಳು. ಹಾಗಾಗಿ ಮೈ ನೋಡಬೇಡಿ ಅಂತ ನಾನು ಹೇಳುವುದಿಲ್ಲ. ಹೇಗೆ ನೋಡಬೇಕು ಅಂತ ಹೇಳುತ್ತೇನೆ. ಆ ಮೈಯಲ್ಲಿ ಕೆಲಸಕ್ಕೆ ಅಂತ ಇರುವುದು ಎಷ್ಟು, ವೇಷಕ್ಕೆ ಅಂತ ಇರುವುದು ಎಷ್ಟು, ಆ ವೇಷ ಯಾರ ಕಣ್ಣಿಗೆ. ಇಷ್ಟು ಗೊತ್ತಾದರೆ ದುಡ್ಡು ಹಾಕಿದ ಮೇಲೆ ಹೊಟ್ಟೆ ಉರಿಯುವುದಿಲ್ಲ.

ಅಪ್ಪನ ಎರಡು ವಾಚು

ನಮ್ಮಪ್ಪ ಇಲ್ಲಿನ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದರು. ಫ್ಯಾಕ್ಟರಿ ಮುಚ್ಚಿತು, ಜಾಗ ಇಸ್ರೋಗೆ ಹೋಯಿತು, ಅಪ್ಪನ ಎರಡು ವಾಚು ಮಾತ್ರ ನನ್ನ ಡ್ರಾಯರ್‌ನಲ್ಲಿ ಉಳಿದಿವೆ. ಒಂದು ಜನತಾ, ಇನ್ನೊಂದು ಪೈಲಟ್. ಜನತಾ ದಿನಾ ಕಟ್ಟುತ್ತಿದ್ದರು. ಕಪ್ಪು ಡಯಲ್‌ನ ಪೈಲಟ್ ಹೊರಗೆ ಬರುತ್ತಿದ್ದದ್ದು ಮದುವೆ, ಜಾತ್ರೆಗೆ ಮಾತ್ರ. ನಾನು ಎಂಟನೇ ಕ್ಲಾಸಲ್ಲಿದ್ದಾಗ ಒಂದು ಭಾನುವಾರ ಎರಡರದ್ದೂ ಬೆನ್ನಿನ ಮುಚ್ಚಳ ಬಿಚ್ಚಿ, ಪೇಪರ್ ಮೇಲೆ ಅಕ್ಕಪಕ್ಕ ಇಟ್ಟು ತೋರಿಸಿದರು. ಒಳಗೆ ಒಂದೇ ಮಷೀನು. ಎರಡೂ 17 ಜ್ಯುವೆಲ್, ಅಂದರೆ ಚಕ್ರ ಸವೆಯದಂತೆ ಒಳಗೆ 17 ಹರಳು, ಎರಡೂ ಕೀ ಕೊಡುವಂಥವು. "ಜನತಾ ಕಟ್ಟಿದ್ರೆ ಮೇಷ್ಟ್ರು, ಪೈಲಟ್ ಕಟ್ಟಿದ್ರೆ ಹೀರೋ. ಟೈಮ್ ಮಾತ್ರ ಎರಡ್ರಲ್ಲೂ ಅಷ್ಟೇ" ಅಂದರು.

ಕ್ಯಾಮೆರಾದಲ್ಲೂ ಹೀಗೇ ನಡೆಯುತ್ತದೆ. ನಿಕಾನ್‌ನವರು 2019ರಲ್ಲಿ ಝಡ್50 ಅಂತ ತಂದರು. ಕಪ್ಪು, ಉಬ್ಬಿದ ಹಿಡಿಕೆ, ನೋಡಿದರೆ ತಿರುಗಿ ನೋಡಬೇಕು ಅಂತ ಅನ್ನಿಸದ ಮುಖ. 2021ರಲ್ಲಿ ಝಡ್ ಎಫ್‌ಸಿ ತಂದರು. ಅದೇ 20.9 ಮೆಗಾಪಿಕ್ಸೆಲ್, ಅದೇ ಪ್ರೊಸೆಸರ್. ಆದರೆ ಮೈ 1982ರ ಫಿಲ್ಮ್ ಕ್ಯಾಮೆರಾ ಎಫ್‌ಎಂ2 ಥರ. ಬೆಳ್ಳಿ ನೆತ್ತಿ, ಅಂಕಿ ಕೆತ್ತಿದ ಡಯಲ್, ಹಿಡಿಕೆಯೇ ಇಲ್ಲದ ಚಪ್ಪಟೆ ಎದೆ. ಬ್ಯಾಟರಿ, ಕಾರ್ಡ್ ಸೇರಿ ಒಂದು 450 ಗ್ರಾಂ, ಇನ್ನೊಂದು 445 ಗ್ರಾಂ. ತೂಕದಲ್ಲಿ ಐದು ಗ್ರಾಂ ವ್ಯತ್ಯಾಸ, ಕೊಳ್ಳುವ ಮನುಷ್ಯ ಮಾತ್ರ ಪೂರ್ತಿ ಬೇರೆ. ಗುಬ್ಬಿ ಹುಡುಗ ತೋರಿಸಿದ್ದು ಇದನ್ನೇ. ನಾನು ಡ್ರಾಯರ್ ಎಳೆದು ಅಪ್ಪನ ವಾಚುಗಳನ್ನು ಕೌಂಟರ್ ಮೇಲಿಟ್ಟೆ. ಅವನಿಗೆ ಕ್ಯಾಮೆರಾಗಿಂತ ಪೈಲಟ್ ಜಾಸ್ತಿ ಹಿಡಿಸಿತು, ಅದು ಬೇರೆ ಮಾತು.

ಮೊದಲು ಹೆಸರು ಮುಚ್ಚಿ

ಅಂಗಡಿಗೆ ಹೋಗುವಾಗ ಜೇಬಲ್ಲಿ ಒಂದು ಚೂರು ಕಪ್ಪು ಇನ್ಸುಲೇಷನ್ ಟೇಪ್ ಇಟ್ಟುಕೊಳ್ಳಿ. ಅಂಗಡಿಯವರನ್ನು ಕೇಳಿ ಕ್ಯಾಮೆರಾದ ಹಣೆಯ ಮೇಲಿನ ಹೆಸರಿಗೆ ಅಂಟಿಸಿ. ಹೊಸ ಬಾಡಿಗೆ ಒಪ್ಪದಿದ್ದರೆ ಹೆಬ್ಬೆರಳಲ್ಲಿ ಮುಚ್ಚಿದರೂ ಆಯಿತು. ಈಗ ದೂರ ಹಿಡಿದು ನೋಡಿ. ಯಾವ ಕಂಪನಿ ಅಂತ ಇನ್ನೂ ಗೊತ್ತಾಗುತ್ತಿದೆಯಾ? ಬಹಳಷ್ಟು ಸಲ ಗೊತ್ತಾಗುತ್ತದೆ. ಹೆಸರು ಮುಚ್ಚಿದ ಮೇಲೂ ಉಳಿಯುವ ಆ ಗುರುತಿಗೇ ಕಂಪನಿಯವರು ವರ್ಷಗಟ್ಟಲೆ ದುಡಿದಿರುವುದು.

ನಿಕಾನ್‌ನ ಕೆಂಪು ಗುರುತನ್ನೇ ತೆಗೆದುಕೊಳ್ಳಿ. 1980ರಲ್ಲಿ ಎಫ್3 ಅನ್ನುವ ಫಿಲ್ಮ್ ಕ್ಯಾಮೆರಾ ಬಂತು. ಅದರ ಮೈ ರೂಪಿಸಿದವರು ಇಟಲಿಯ ಜಾರ್ಜೆಟ್ಟೊ ಜುಜಾರೊ. ಮೂಲತಃ ಕಾರಿನ ಮನುಷ್ಯ. ಮೊದಲ ಫೋಕ್ಸ್‌ವ್ಯಾಗನ್ ಗಾಲ್ಫ್ ಅವರ ಕೈಯದು. ಒಂದು ಕಾಲಕ್ಕೆ ನಮ್ಮ ಬಿ.ಎಚ್. ರಸ್ತೆಯಲ್ಲೂ ಓಡಾಡುತ್ತಿದ್ದ ಪುಟಾಣಿ ಮ್ಯಾಟಿಜ್ ಅವರ ಸಂಸ್ಥೆಯದೇ ಡಿಸೈನ್. ಎಫ್3ಯ ಹಿಡಿಕೆ ಪಕ್ಕ ಅವರು ಒಂದು ಸಣ್ಣ ಕೆಂಪು ಗೆರೆ ಇಟ್ಟರು. ಅದು ಗುಂಡಿ ಅಲ್ಲ, ದೀಪ ಅಲ್ಲ. ಅದರಿಂದ ಏನೂ ಕೆಲಸವಿಲ್ಲ. ಕಪ್ಪು ಮೈಗೆ ಕುಂಕುಮ ಇಟ್ಟ ಹಾಗೆ, ಅಷ್ಟೇ. ಆಮೇಲೆ ಎಫ್4, ಎಫ್5, ಡಿಜಿಟಲ್ ಕಾಲದ ಡಿಎಸ್‌ಎಲ್‌ಆರ್‌ಗಳು, ಹೀಗೆ ಅದು ಗೆರೆಯಾಗಿ, ತ್ರಿಕೋನವಾಗಿ, ಪಟ್ಟಿಯಾಗಿ ಬರುತ್ತಲೇ ಇದೆ. ಕಲ್ಯಾಣ ಮಂಟಪದ ಆ ತುದಿಯಲ್ಲಿ ನಿಂತ ಫೋಟೋಗ್ರಾಫರ್ ಕೈಲಿರುವುದು ನಿಕಾನ್ ಅಂತ ನಾನು ಈ ತುದಿಯಿಂದ ಹೇಳುವುದು ಆ ಕೆಂಪು ನೋಡಿಯೇ.

ಕ್ಯಾನನ್‌ನ ಗುರುತು ಬಣ್ಣಕ್ಕಿಂತ ಆಕಾರದಲ್ಲಿದೆ. 1986ರ ಟಿ90 ಅನ್ನುವ ಫಿಲ್ಮ್ ಕ್ಯಾಮೆರಾಗೆ ಜರ್ಮನಿಯ ಲುಯಿಜಿ ಕೊಲಾನಿ ಅನ್ನುವವರ ಕೈ ತಾಗಿತು. ಅಲ್ಲಿಯವರೆಗೆ ಕ್ಯಾಮೆರಾ ಅಂದರೆ ಮೂಲೆ ಇರುವ ಪೆಟ್ಟಿಗೆ. ಇವರು ಅದನ್ನು ಹೊಳೆಯಲ್ಲಿ ಉರುಳಿ ನುಣುಪಾದ ಕಲ್ಲಿನ ಹಾಗೆ ಮಾಡಿದರು. ಮುಂದಿನ ವರ್ಷವೇ ಕ್ಯಾನನ್‌ನ ಇಒಎಸ್ ಅನ್ನುವ ಸರಣಿ ಶುರುವಾಯಿತು. ಇವತ್ತಿನ ಆರ್ ಸರಣಿಯನ್ನು ಹಿಡಿದರೂ ಬೆರಳಿಗೆ ಆ ದುಂಡಗಿನ ಹೆಗಲೇ ಸಿಗುತ್ತದೆ. ಬಣ್ಣದ ಮಾತು ಬಂದರೆ ಕ್ಯಾನನ್ ಅದನ್ನು ಲೆನ್ಸಿಗೆ ಇಟ್ಟಿದೆ. ದುಬಾರಿ ಎಲ್ ಲೆನ್ಸಿನ ಮೂತಿಗೆ ಕೆಂಪು ಬಳೆ. ಸಾಮಾನ್ಯ ಲೆನ್ಸಿಗೆ ಕೆಂಪು ರಬ್ಬರ್ ಬಳೆ ತೊಡಿಸಿಕೊಂಡು ರಿಸೆಪ್ಷನ್‌ಗೆ ಬಂದವರನ್ನೂ ನಾನು ನೋಡಿದ್ದೇನೆ. ಅವರನ್ನು ಬೈಯುವ ಮನಸ್ಸಾಗಲಿಲ್ಲ. ನಾನು ಮಾಡಿದ್ದನ್ನು ಆಮೇಲೆ ಹೇಳುತ್ತೇನೆ.

ಸೋನಿ 2006ರಲ್ಲಿ ಮಿನೋಲ್ಟಾದವರ ಕ್ಯಾಮೆರಾ ವ್ಯವಹಾರ ಕೈಗೆ ತೆಗೆದುಕೊಂಡು ಬಂದದ್ದು. ಅವರದು ಕಿತ್ತಳೆ ಬಣ್ಣ. ಲೆನ್ಸ್ ಕೂರುವ ಬಾಯಿ, ಅಂದರೆ ಮೌಂಟ್, ಅದರ ಸುತ್ತ ತೆಳ್ಳನೆಯ ಉಂಗುರ, ಆಲ್ಫಾ ಅಕ್ಷರ. ಮೈ ಅಂತೂ ಎಲೆಕ್ಟ್ರಾನಿಕ್ ಸಾಮಾನಿನ ಥರವೇ. ಚೆಂದ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ, ಆದರೆ ಮೂರು ವರ್ಷದಿಂದ ನನ್ನ ಅನ್ನ ಅದರಲ್ಲೇ.

ಇನ್ನು ಲೈಕಾ. ಕೆಂಪು ಬೊಟ್ಟು ಅಂದರೆ ಲೈಕಾ ಅಂತ ಕ್ಯಾಮೆರಾ ಮುಟ್ಟದವರಿಗೂ ಗೊತ್ತು. ಬೀದಿಯಲ್ಲಿ ಫೋಟೋ ತೆಗೆಯುವವರು ಯಾರ ಕಣ್ಣಿಗೂ ಬೀಳಬಾರದು ಅಂತ ಆ ಬೊಟ್ಟಿಗೆ ಕಪ್ಪು ಟೇಪ್ ಅಂಟಿಸಿಕೊಳ್ಳುತ್ತಿದ್ದರು. ಕಂಪನಿಯವರು 2018ರಲ್ಲಿ ಎಂ10-ಪಿ ಅಂತ ಬೊಟ್ಟೇ ಇಲ್ಲದ್ದನ್ನು ತಂದು, ನೆತ್ತಿ ಮೇಲೆ ಮಾತ್ರ ಹೆಸರು ಕೆತ್ತಿಸಿದರು, ಬೆಲೆ ಇನ್ನೂ ಜಾಸ್ತಿ ಇಟ್ಟರು. ಈಗ ಬೊಟ್ಟಿಲ್ಲದಿರುವುದೇ ಗೊತ್ತಿದ್ದವರಿಗೆ ಗುರುತು. ಎಷ್ಟು ಜಾಣರು ನೋಡಿ.

ಗೂನು ಯಾಕಿದೆ?

ಕ್ಯಾಮೆರಾ ಚಿತ್ರ ಬರಿ ಅಂದರೆ ಮಕ್ಕಳು ಕೂಡ ನಡುನೆತ್ತಿಗೆ ಒಂದು ಗೂನು ಬರೆಯುತ್ತಾರೆ. ಎಸ್‌ಎಲ್‌ಆರ್‌ನಲ್ಲಿ, ಅಂದರೆ ಒಳಗೆ ಕನ್ನಡಿ ಇರುವ ಕ್ಯಾಮೆರಾದಲ್ಲಿ, ಆ ಗೂನಿಗೆ ಕೆಲಸವಿತ್ತು. ಕನ್ನಡಿಯಿಂದ ಮೇಲೆ ಬಂದ ಬೆಳಕನ್ನು ತಿರುಗಿಸಿ ಕಣ್ಣಿಗೆ ನೆಟ್ಟಗೆ ತೋರಿಸುವ ಗಾಜಿನ ಗಟ್ಟಿ ಅದರೊಳಗೆ ಇರುತ್ತದೆ. ಮಿರರ್‌ಲೆಸ್‌ನಲ್ಲಿ ಕನ್ನಡಿಯೂ ಇಲ್ಲ, ಆ ಗಾಜೂ ಇಲ್ಲ. ಕಣ್ಣಿಟ್ಟು ನೋಡುವ ಕಿಂಡಿಯೊಳಗೆ ಇರುವುದು ಒಂದು ಪುಟ್ಟ ಪರದೆ. ಅದನ್ನು ಎಲ್ಲಿ ಬೇಕಾದರೂ ಕೂರಿಸಬಹುದು. ಸೋನಿಯವರೇ 2014ರ ಎ6000ದಲ್ಲಿ, 2020ರ ಎ7ಸಿಯಲ್ಲಿ ಎಡಮೂಲೆಗೆ ತಳ್ಳಿದ್ದಾರೆ. ಆದರೂ 2013ರ ಮೊದಲ ಎ7ಗೆ ಗೂನು ಇಟ್ಟರು, ಫ್ಯೂಜಿ 2014ರ ಎಕ್ಸ್-ಟಿ1ಗೂ ಇಟ್ಟಿತು. ಗೂನಿದ್ದರೆ ನೋಡಿದವರು "ದೊಡ್ಡ ಕ್ಯಾಮೆರಾ" ಅನ್ನುತ್ತಾರೆ. ಹೆಸರು ಬರೆಯುವುದಕ್ಕೂ ಒಂದು ಹಣೆ ಬೇಕಲ್ಲ.

ಹಾಗಂತ ಗೂನು ಪೂರ್ತಿ ವೇಷ ಅಂದುಕೊಳ್ಳಬೇಡಿ. ಇಲ್ಲಿ ಒಂದು ಪರೀಕ್ಷೆ ಮಾಡಿ. ನಿಮ್ಮ ಕೆಲಸದ ಕಣ್ಣು ಯಾವುದು? ಬಲಗಣ್ಣಾದರೆ ಎಡಮೂಲೆಯ ಕಿಂಡಿ ಬಲು ಸುಖ. ಮೂಗು ಕ್ಯಾಮೆರಾದಿಂದ ಆಚೆ ಉಳಿಯುತ್ತದೆ. ನಂದು ಎಡಗಣ್ಣು. ಮೂಲೆ ಕಿಂಡಿಗೆ ಎಡಗಣ್ಣು ಇಟ್ಟರೆ ಮುಖವೆಲ್ಲ ಹಿಂದಿನ ಸ್ಕ್ರೀನಿಗೆ ಒತ್ತಿಕೊಳ್ಳುತ್ತದೆ. ಧಾರೆ ಮುಗಿಯುವಷ್ಟರಲ್ಲಿ ಸ್ಕ್ರೀನ್ ತುಂಬ ನನ್ನ ಮೂಗಿನ ಎಣ್ಣೆ, ಬೆವರು. ಟಚ್ ಸ್ಕ್ರೀನ್ ಆನ್ ಇದ್ದರೆ ಮೂಗೇ ಫೋಕಸ್ ಜಾಗ ಬದಲಿಸಿಬಿಡುತ್ತದೆ. ವಧು ಬದಲು ಹಿಂದಿನ ಬಾಳೆಕಂಬ ಶಾರ್ಪ್ ಬಂದಿರುತ್ತದೆ. ಅಂಗಡಿಯಲ್ಲಿ ಎರಡು ನಿಮಿಷ ಕಣ್ಣಿಟ್ಟು ನೋಡಿದ್ದರೆ ಗೊತ್ತಾಗುತ್ತಿತ್ತು. ನಾನು ನೋಡಿರಲಿಲ್ಲ.

ಕಿರುಬೆರಳಿನ ಮಾತು

ಎಲ್ಲಕ್ಕಿಂತ ಜಾಸ್ತಿ ಹೊತ್ತು ಇಲ್ಲಿ ನಿಲ್ಲಿ. ಬಲಗೈಯಲ್ಲಿ ಹಿಡಿಕೆ ಹಿಡಿದು ಕೆಳಗೆ ನೋಡಿ, ಕಿರುಬೆರಳು ಎಲ್ಲಿದೆ? ಹಿಡಿಕೆ ಮೇಲಿದೆಯಾ, ಕೆಳಗೆ ಗಾಳಿಯಲ್ಲಿ ನೇತಾಡುತ್ತಿದೆಯಾ? ನೇತಾಡುತ್ತಿದ್ದರೆ ಅರ್ಧ ಗಂಟೆ ಏನೂ ಅನ್ನಿಸುವುದಿಲ್ಲ. ಬೆಳಗಿನ ಮುಹೂರ್ತದಿಂದ ಮಧ್ಯಾಹ್ನ ಊಟದ ಪಂಕ್ತಿಯವರೆಗೆ ಹಿಡಿದರೆ ಮಣಿಕಟ್ಟು ಹೇಳುತ್ತದೆ.

ಕ್ಯಾಮೆರಾಗಳು ಬಹಳ ದಿನ ಗಂಡಸರ ಅಂಗೈ ಅಳತೆಗೇ ಬಂದವು ಅಂತ ನನ್ನ ದೂರು. ಹೆಂಗಸರಿಗೆ ಅಂತ ಯೋಚಿಸಿದಾಗ ಏನು ಮಾಡಿದರು ಗೊತ್ತಾ? 1928ರಲ್ಲಿ ಕೊಡಾಕ್ ಕಂಪನಿ ವ್ಯಾನಿಟಿ ಕೊಡಾಕ್ ಅಂತ ತಂದಿತು. ಒಳಗೆ ಇದ್ದದ್ದು ಅವರ ಹಳೇ ವೆಸ್ಟ್ ಪಾಕೆಟ್ ಕ್ಯಾಮೆರಾನೇ. ಹೊರಗೆ ವಾಲ್ಟರ್ ಡಾರ್ವಿನ್ ಟೀಗ್ ಅನ್ನುವವರು ಬಣ್ಣ ಕೊಟ್ಟು, ಅದಕ್ಕೆ ಹೊಂದುವ ಪೆಟ್ಟಿಗೆ ಕೊಟ್ಟರು. ಸೀರೆಗೆ ಮ್ಯಾಚಿಂಗ್ ಬ್ಲೌಸ್ ಇದ್ದ ಹಾಗೆ. ನಮ್ಮ ಕೈಗೆ ಹಿಡಿಕೆ ಬೇಕಿತ್ತು, ಕೊಟ್ಟದ್ದು ಬಣ್ಣ. ಆದರೂ ಆ ಕ್ಯಾಮೆರಾ ಸಿಕ್ಕಿದರೆ ಬಿಡುತ್ತೇನಾ? ಇಲ್ಲ.

ತೂಕವನ್ನು ಕಾಗದದಲ್ಲಿ ಓದಬೇಡಿ. ನಿಕಾನ್ ಡಿ850 ಬ್ಯಾಟರಿ ಸೇರಿ 1005 ಗ್ರಾಂ. ಅದಕ್ಕೆ ಮದುವೆಗೆ ಬೇಕಾದ 24-70 ಮಿಲಿಮೀಟರ್ ಜೂಮ್ ಲೆನ್ಸ್ ಹಾಕಿದರೆ ಎರಡು ಕೆಜಿ ದಾಟುತ್ತದೆ. ಮನೆಯಲ್ಲಿ ಎರಡು ಕೆಜಿ ರಾಗಿ ಹಿಟ್ಟಿನ ಪ್ಯಾಕೆಟ್ ಇದ್ದರೆ ಎದೆ ಮಟ್ಟಕ್ಕೆ ಎತ್ತಿ ಹತ್ತು ನಿಮಿಷ ನಿಲ್ಲಿ. ಅದೇ ನಿಮ್ಮ ಟ್ರಯಲ್. ಆದರೆ ಬಾಡಿ ಹಗುರ ಆದ ಕೂಡಲೇ ಕೈಗೆ ಹಗುರ ಅಂತ ಅರ್ಥವಲ್ಲ. ಸೋನಿ ಎ7 ಮೂರನೆಯದು 650 ಗ್ರಾಂ. ಅದಕ್ಕೆ ಭಾರದ ಲೆನ್ಸ್ ಹಾಕಿದರೆ ಮೂತಿ ಕೆಳಗೆ ಜಗ್ಗುತ್ತದೆ. ಭಾರ ಅಂಗೈಯಿಂದ ಬೆರಳ ತುದಿಗೆ ಬರುತ್ತದೆ. ಅದಕ್ಕೇ ನೀವು ಕೊಳ್ಳಲಿರುವ ಲೆನ್ಸನ್ನೇ ಹಾಕಿಸಿ ಹಿಡಿದು ನೋಡಿ. ಅಂಗಡಿಯವರು ಕೊಡುವ, ಕ್ಯಾಮೆರಾ ಜೊತೆಗೇ ಬರುವ ಹಗುರದ ಕಿಟ್ ಲೆನ್ಸ್ ಹಾಕಿ ಹಿಡಿದರೆ ಎಲ್ಲ ಕ್ಯಾಮೆರಾನೂ ಹೂವಿನ ಹಾಗೇ ಇರುತ್ತದೆ.

ಬಳೆ ತೊಡುವವರು ಬಳೆ ತೊಟ್ಟೇ ಹೋಗಿ. ಸ್ಟ್ರ್ಯಾಪ್ ಸಿಕ್ಕಿಸುವ ಕಬ್ಬಿಣದ ಉಂಗುರ ಬಲಮೂಲೆಯಲ್ಲಿ ಚಾಚಿದ್ದರೆ ಬೆರಳ ಸಂದಿಗೆ ಒತ್ತುತ್ತದೆ, ಬಳೆಗೂ ತಾಗುತ್ತದೆ. ವಿಡಿಯೋದಲ್ಲಿ ಮಂತ್ರಕ್ಕಿಂತ ಜಾಸ್ತಿ ಅದರದ್ದೇ ಟಿಣ್ ಟಿಣ್.

ಡಯಲ್ ಅನ್ನುವ ಆಸೆ

ಈಗ ಗುಬ್ಬಿ ಹುಡುಗನ ಡಯಲ್ ವಿಷಯ. ನಾನು ಕೆಲಸ ಕಲಿತದ್ದು ಸೋದರಮಾವನ ಎಫ್‌ಎಂ2ನಲ್ಲಿ. ಆ ಕ್ಯಾಮೆರಾದ ಶಟರ್, ಅಂದರೆ ಬೆಳಕನ್ನು ಒಳಗೆ ಬಿಡುವ ಬಾಗಿಲು, ಅದರ ಡಯಲ್ ತಿರುಗಿಸಿದರೆ ಒಳಗೆ ನಿಜವಾಗಿ ಹಲ್ಲುಚಕ್ರ ತಿರುಗುತ್ತಿತ್ತು. ಬ್ಯಾಟರಿ ಬೇಕಿದ್ದದ್ದು ಲೈಟ್ ಮೀಟರ್‌ಗೆ ಮಾತ್ರ. ಬ್ಯಾಟರಿ ಸತ್ತರೂ ಸೆಕೆಂಡಿನ 4000ನೇ ಒಂದು ಭಾಗದವರೆಗೆ ಶಟರ್ ಹೊಡೆಯುತ್ತಿತ್ತು. ಅಲ್ಲಿ ಡಯಲ್ ಅಂದರೆ ಮಷೀನಿನ ಕಿವಿ. ಇವತ್ತಿನ ಕ್ಯಾಮೆರಾದಲ್ಲಿ ಅದು ಬರೀ ಸ್ವಿಚ್ಚು. ತಿರುಗಿಸಿದರೆ ಒಳಗಿನ ಕಂಪ್ಯೂಟರ್‌ಗೆ ಸುದ್ದಿ ಹೋಗುತ್ತದೆ, ಅಷ್ಟೇ.

ಈ ಆಸೆಯನ್ನು ಮತ್ತೆ ಹೊತ್ತಿಸಿದ್ದು ಫ್ಯೂಜಿ. ಎಲ್ಲರೂ ಕಪ್ಪು ಪ್ಲಾಸ್ಟಿಕ್ ಗುಡ್ಡೆ ಮಾರುತ್ತಿದ್ದಾಗ ಎಕ್ಸ್100 ಅನ್ನುವುದನ್ನು 2010ರಲ್ಲಿ ತೋರಿಸಿ, ಮರುವರ್ಷ ಮಾರಾಟಕ್ಕೆ ಬಿಟ್ಟರು. 12.3 ಮೆಗಾಪಿಕ್ಸೆಲ್, ಬಿಚ್ಚಲಾಗದ ಒಂದೇ ಲೆನ್ಸ್. ಕಾಗದದಲ್ಲಿ ಓದಿದರೆ ಯಾರು ಕೊಳ್ಳಬೇಕು? ಆದರೆ ಆ ಬೆಳ್ಳಿ ನೆತ್ತಿ, ಚರ್ಮದಂಥ ಹೊದಿಕೆ, ಡಯಲ್ ನೋಡಿ ಜನ ಕೊಂಡರು. ಆ ಸಾಲಿನ 2020ರ ಎಕ್ಸ್100ವಿ ಅಂತೂ ಕೊನೆಕೊನೆಗೆ ದುಡ್ಡು ಹಿಡಿದುಕೊಂಡು ನಿಂತರೂ ಸಿಗುತ್ತಿರಲಿಲ್ಲ. ಇದನ್ನು ನೋಡಿಯೋ ಏನೋ, ನಿಕಾನ್ ಕೂಡ 2013ರಲ್ಲಿ ಡಿಎಫ್, ಆಮೇಲೆ ಝಡ್ ಎಫ್‌ಸಿ, 2023ರಲ್ಲಿ ಹಿತ್ತಾಳೆ ಡಯಲ್‌ನ ಝಡ್ಎಫ್ ಅಂತ ಹಳೇ ವೇಷದ್ದನ್ನು ತಂದಿತು.

ಡಯಲ್‌ನಿಂದ ನಿಜವಾದ ಲಾಭ ಒಂದಿದೆ. ಕ್ಯಾಮೆರಾ ಆಫ್ ಇದ್ದಾಗಲೂ ನೆತ್ತಿ ನೋಡಿದರೆ ಯಾವ ಸ್ಪೀಡಿನಲ್ಲಿದೆ ಅಂತ ಗೊತ್ತಾಗುತ್ತದೆ. ಕಲಿಯುವವರಿಗೆ ಒಳ್ಳೆಯದು. ದೇವರಾಯನದುರ್ಗಕ್ಕೆ ಹೋಗಿ ನಿಧಾನವಾಗಿ ಬೆಟ್ಟ, ಮಂಜು ತೆಗೆಯುವವರಿಗೂ ಒಳ್ಳೆಯದು. ಮದುವೆ ಮನೆಯಲ್ಲಿ ಕಷ್ಟ. ಗಟ್ಟಿಮೇಳ ಶುರುವಾದಾಗ ಹಾಲ್ ಕತ್ತಲು, ವಿಡಿಯೋದವನ ಲೈಟು ಒಮ್ಮೆ ಬೀಳುತ್ತದೆ, ಒಮ್ಮೆ ಇಲ್ಲ, ತಾಳಿ ಕಟ್ಟುವುದು ಹತ್ತು ಸೆಕೆಂಡ್. ಆಗ ಕಣ್ಣು ತೆಗೆಯದೆ ತೋರುಬೆರಳಲ್ಲೇ ತಿರುಗಿಸುವ ಚಕ್ರ ಬೇಕು. ಮುಂಚೆಯೇ ಜೋಡಿಸಿಟ್ಟ ಸೆಟ್ಟಿಂಗನ್ನು ಒಂದೇ ತಿರುಗಿಗೆ ತರುವ ಸಿ1, ಸಿ2 ಬೇಕು. ಅಂಕಿ ಕೆತ್ತಿದ ಡಯಲ್‌ಗೆ ಈ ಕೆಲಸ ಸರಿಯಾಗಿ ಒಗ್ಗುವುದಿಲ್ಲ. ಸೆಟ್ಟಿಂಗ್ ಒಂದು ಹೇಳುತ್ತದೆ, ಕೆತ್ತಿದ ಅಂಕಿ ಇನ್ನೊಂದು ಹೇಳುತ್ತದೆ.

ಇನ್ನೊಂದು ವಿಷಯ ಯಾವ ಅಂಗಡಿಯವನೂ ಹೇಳುವುದಿಲ್ಲ. ನಮ್ಮ ಮದುವೆಗಳಲ್ಲಿ ಅಕ್ಷತೆ ಹಾರುತ್ತದೆ, ಅರಿಶಿನ ಹಾರುತ್ತದೆ, ಧಾರೆಯ ಹಾಲು, ನೀರು ಚಿಮ್ಮುತ್ತದೆ. ಡಯಲ್‌ಗೂ ನೆತ್ತಿಗೂ ನಡುವೆ ಕೂದಲೆಳೆಯಷ್ಟು ಸಂದಿ ಇರುತ್ತದೆ. ಅರಿಶಿನ ಅದರೊಳಗೆ ಇಳಿದು, ಬೆವರಿಗೆ ಒದ್ದೆಯಾಗಿ, ಒಣಗಿ ಗಟ್ಟಿಯಾಗುತ್ತದೆ. ಒಂದು ಸೀಸನ್ ಆದಮೇಲೆ ಡಯಲ್ ತಿರುಗಿಸಿದರೆ ಮರಳು ತುಳಿದ ಹಾಗೆ ಕರಕರ ಅನ್ನುತ್ತದೆ. ನಾನು ಮೆತ್ತನೆಯ ಹಲ್ಲುಜ್ಜುವ ಬ್ರಷ್ ಇಟ್ಟುಕೊಂಡಿದ್ದೇನೆ, ಪ್ರತಿ ಮದುವೆ ಮಾರನೇ ದಿನ ಒಣಬ್ರಷ್‌ನಲ್ಲಿ ಉಜ್ಜುವುದೇ ಒಂದು ಪೂಜೆ. ಒಂದು ಸಲ ಫ್ಲ್ಯಾಶ್ ಸಿಕ್ಕಿಸುವ ಹಾಟ್ ಶೂ ಒಳಗೆ ಒಂದು ಇಡೀ ಅಕ್ಕಿಕಾಳು ಕೂತಿತ್ತು, ಫ್ಲ್ಯಾಶ್ ಅರ್ಧಕ್ಕೇ ನಿಂತಿತು. ಬಾಚಣಿಗೆ ಹಲ್ಲಿನಲ್ಲಿ ತೆಗೆದೆ. ಡಯಲ್ ಕಡಿಮೆ ಇದ್ದಷ್ಟೂ ಸಂದಿ ಕಡಿಮೆ. ಬೆಳ್ಳಿ ಬಣ್ಣದ ಮೇಲೆ ಅರಿಶಿನದ ಕಲೆ ಕಾಣುತ್ತದೆ, ಕಪ್ಪಿನ ಮೇಲೆ ಕಾಣುವುದಿಲ್ಲ, ಅದೂ ಲೆಕ್ಕಕ್ಕಿರಲಿ.

ಬಣ್ಣ, ಲೋಹ, ಪ್ಲಾಸ್ಟಿಕ್

ಕಪ್ಪು ಅಂದರೆ ಕಸುಬಿನವರದು, ಬೆಳ್ಳಿ ಅಂದರೆ ಮನೆಮಂದಿಯದು ಅನ್ನುವ ನಂಬಿಕೆ ಹಳೆಯದು. 2003ರಲ್ಲಿ ಕ್ಯಾನನ್ 300ಡಿ ಅನ್ನುವ ಕಡಿಮೆ ಬೆಲೆಯ ಡಿಎಸ್‌ಎಲ್‌ಆರ್ ಬೆಳ್ಳಿ ಪ್ಲಾಸ್ಟಿಕ್ಕಿನಲ್ಲಿ ಬಂತು. ಅದನ್ನು ಹಿಡಿದು ಹೋದರೆ ಕ್ಯಾಮೆರಾ ಗೊತ್ತಿದ್ದವರು ಮೂತಿ ಸೊಟ್ಟ ಮಾಡುತ್ತಿದ್ದರು. ಈಗ ನೋಡಿ, ಬೆಳ್ಳಿ ಬಣ್ಣವೇ ಷೋಕಿ.

ಕ್ಯಾನನ್‌ನ ದೂರದ್ದನ್ನು ಹತ್ತಿರ ತೋರಿಸುವ ದೊಡ್ಡ ಟೆಲಿ ಲೆನ್ಸ್ ಬಿಳಿ ಇರುವುದಕ್ಕೆ ಮಾತ್ರ ಗಟ್ಟಿ ಕಾರಣವಿದೆ. ಅದರಲ್ಲಿ ಬಳಸುವ ಫ್ಲೋರೈಟ್ ಅನ್ನುವ ಹರಳು ಬಿಸಿಗೆ ಬೇಗ ಹಿಗ್ಗುತ್ತದೆ. ಬಿಳಿ ಮೈ ಬಿಸಿಲನ್ನು ವಾಪಸ್ ಕಳಿಸುತ್ತದೆ. ಏಪ್ರಿಲ್‌ನಲ್ಲಿ ಶಿರಾದಲ್ಲಿ ಹೊರಗೆ ಶೂಟ್ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೆಲಸಕ್ಕೆ ಬಂದ ಬಣ್ಣ ಆಮೇಲೆ ಕಂಪನಿಯ ಬಾವುಟವೇ ಆಯಿತು. ಕ್ರಿಕೆಟ್ ಮೈದಾನದಲ್ಲಿ ಸಾಲಾಗಿ ಬಿಳಿ ಲೆನ್ಸ್ ಕಂಡರೆ ಬೇರೆ ಜಾಹೀರಾತು ಯಾಕೆ?

ಲೋಹ ಅಂತ ಕಂಡದ್ದೆಲ್ಲ ಲೋಹವಲ್ಲ. 1976ರ ಕ್ಯಾನನ್ ಎಇ-1 ನೆತ್ತಿ ಪಳಪಳ ಹೊಳೆಯುತ್ತದೆ, ತಟ್ಟಿ ನೋಡಿ, ಪ್ಲಾಸ್ಟಿಕ್ ಮೇಲೆ ಲೋಹದ ಲೇಪ. ಆ ಕ್ಯಾಮೆರಾ ಲಕ್ಷಗಟ್ಟಲೆ ಮಾರಾಟವಾಯಿತು, ಇವತ್ತಿಗೂ ಓಡುತ್ತಿವೆ. ಪ್ಲಾಸ್ಟಿಕ್ ಅಂದರೆ ಕಳಪೆ ಅಂತ ಹಟ ಮಾಡಬೇಡಿ. ಕೆನ್ನೆಗೆ ತಾಗಿಸಿ ನೋಡಿದರೆ ಲೋಹದ ಮೈ ತಣ್ಣಗಿರುತ್ತದೆ. ಮುಖ್ಯವಾಗಿ ನೋಡಬೇಕಾದ್ದು ಬಾಗಿಲುಗಳನ್ನು. ಬ್ಯಾಟರಿ ಮುಚ್ಚಳ, ಕಾರ್ಡ್ ಮುಚ್ಚಳ, ಕೇಬಲ್ ಸಿಕ್ಕಿಸುವ ಕಡೆಯ ರಬ್ಬರ್ ಮುಚ್ಚಳ. ಮೊದಲು ಜೀವ ಬಿಡುವುದು ಅವೇ.

ಕಣ್ಣಿಗೆ ಬೀಳದ ಒಂದು ಡಿಸೈನ್ ಇದೆ, ಅದೇ ಎಲ್ಲಕ್ಕಿಂತ ದೊಡ್ಡದು. ಮೌಂಟ್. ಕ್ಯಾಮೆರಾದ ಬಾಯಿ. 1959ರ ನಿಕಾನ್ ಎಫ್ ಮೌಂಟ್ ಒಳಗಡೆ 44 ಮಿಲಿಮೀಟರ್ ಅಗಲ. 2018ರಲ್ಲಿ ಝಡ್ ಬಂದಾಗ 55 ಮಾಡಿದರು, ಸೆನ್ಸರ್‌ಗೂ ಮೌಂಟ್‌ಗೂ ಇದ್ದ ದೂರವನ್ನು 46.5ರಿಂದ 16 ಮಿಲಿಮೀಟರಿಗೆ ಇಳಿಸಿದರು. ಹೊಸ ನಿಕಾನ್ ಮುಖ ಬಾಯಿ ದೊಡ್ಡ ಮಗುವಿನ ಹಾಗೆ ಕಾಣುವುದು ಅದಕ್ಕೇ. ಈ ಬಾಯಿ ನೋಡಿ ಯಾರೂ ಮರುಳಾಗುವುದಿಲ್ಲ. ಆದರೆ ಮುಂದೆ ಹತ್ತು ವರ್ಷ ನೀವು ಯಾವ ಲೆನ್ಸ್ ಕೊಳ್ಳುತ್ತೀರಿ ಅನ್ನುವುದನ್ನು ಇದೇ ನಿರ್ಧಾರ ಮಾಡುತ್ತದೆ. ಕೈಯ ಚಟವನ್ನೂ ಇದೇ ಬೆಳೆಸುತ್ತದೆ. ಕ್ಯಾಮೆರಾ ಮುಖ ನಮ್ಮ ಕಡೆ ಇಟ್ಟುಕೊಂಡರೆ ಕ್ಯಾನನ್, ಸೋನಿ ಲೆನ್ಸ್ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿ ಕೂರಿಸಬೇಕು. ನಿಕಾನ್‌ಗೆ ಅದರ ಉಲ್ಟಾ. ಇಪ್ಪತ್ತು ವರ್ಷ ನಿಕಾನ್ ಹಿಡಿದವಳು ನಾನು. ಸೋನಿಗೆ ಬಂದ ಮೊದಲ ತಿಂಗಳು ಪ್ರತಿ ಸಲ ತಪ್ಪು ದಿಕ್ಕಿಗೇ ತಿರುಗಿಸುತ್ತಿದ್ದೆ. ಅತ್ತೆಮನೆಗೆ ಬಂದ ಹೊಸದರಲ್ಲಿ ಲೈಟ್ ಸ್ವಿಚ್ಚಿಗೆ ತಡಕಾಡಿದ ಹಾಗೆ.

ಬರೀ ವೇಷ ಮಾಡಿ ಕೆಟ್ಟವರು

ಎರಡು ಕಥೆ ಹೇಳಿ ಮುಂದೆ ಹೋಗುತ್ತೇನೆ. 2012ರಲ್ಲಿ ಪೆಂಟಾಕ್ಸ್ ಕೆ-01 ಬಂತು. ಮಾರ್ಕ್ ನ್ಯೂಸನ್ ಅನ್ನುವ ದೊಡ್ಡ ಡಿಸೈನರ್ ಮಾಡಿದ್ದು. ಹಳದಿ ಬಣ್ಣ, ಮಕ್ಕಳ ಇಟ್ಟಿಗೆ ಆಟದ ತುಂಡಿನ ಹಾಗೆ. ನನಗೆ ಇವತ್ತಿಗೂ ಅದರ ಮೇಲೆ ಮನಸ್ಸಿದೆ. ಆದರೆ ಕನ್ನಡಿ ತೆಗೆದೂ ಹಳೇ ಮೌಂಟ್ ಉಳಿಸಿಕೊಂಡಿದ್ದರಿಂದ ಮೈ ದಪ್ಪವೇ ಉಳಿಯಿತು. ಕಣ್ಣಿಟ್ಟು ನೋಡಲು ಕಿಂಡಿಯೂ ಇಲ್ಲ. ಹೆಚ್ಚು ದಿನ ಬಾಳಲಿಲ್ಲ. ಅದೇ ವರ್ಷ ಹ್ಯಾಸೆಲ್‌ಬ್ಲಾಡ್‌ನವರು ಲೂನಾರ್ ಅಂತ ತೋರಿಸಿದರು. ಒಳಗೆ ಇದ್ದದ್ದು ಸೋನಿಯ ನೆಕ್ಸ್-7. ಹೊರಗೆ ಮರದ ಹಿಡಿಕೆ, ಮಿನುಗು, ಬೆಲೆ ಸುಮಾರು 5000 ಯೂರೋ. ಜನ ನಕ್ಕರು. ಜನತಾ ಮಷೀನಿಗೆ ಪೈಲಟ್ ಡಯಲ್ ಹಾಕಿದರೆ ಯಾರೂ ಬೇಜಾರಾಗಲಿಲ್ಲ, ಯಾಕೆಂದರೆ ಎರಡೂ ಕೈಗೆಟುಕುವ ಬೆಲೆ. ಬೆಲೆ ಹಲವು ಪಟ್ಟು ಮಾಡಿ ಮರದ ತುಂಡು ಅಂಟಿಸಿದರೆ ಬೇಜಾರಾಗುತ್ತದೆ.

ಕುಣಿಗಲ್ ಮದುವೆ

ನಾನು ಮಾಡಿದ್ದು ಹೇಳುತ್ತೇನೆ ಅಂದಿದ್ದೆನಲ್ಲ. ಕೆಲವು ವರ್ಷದ ಹಿಂದೆ ಕುಣಿಗಲ್‌ನಲ್ಲಿ ಒಂದು ಮದುವೆ. ಹೊಸದಾಗಿ ಕೊಂಡಿದ್ದ ಪುಟ್ಟ ಮಿರರ್‌ಲೆಸ್ ಹಿಡಿದು ಹೋದೆ. ಚಪ್ಪರದ ಕೆಳಗೆ ಹುಡುಗಿಯ ದೊಡ್ಡಪ್ಪ ತಡೆದು ನಿಲ್ಲಿಸಿದರು. "ಏನಮ್ಮಾ, ದೊಡ್ಡ ಕ್ಯಾಮೆರಾ ಬರ್ಲಿಲ್ವಾ? ಕೊಟ್ಟಿರೋ ದುಡ್ಡಿಗೆ ಇದೇನಾ?" ಸೆನ್ಸರ್ ಹಳೇದಕ್ಕಿಂತ ದೊಡ್ಡದು ಅಂತ ಹೇಳಲು ಹೋದೆ. ಅವರ ಮುಖ ನೋಡಿ ಸುಮ್ಮನಾದೆ. ಕಾರಿಗೆ ಹೋಗಿ ಕೆಳಗಡೆ ಬ್ಯಾಟರಿ ಗ್ರಿಪ್ ಸಿಕ್ಕಿಸಿದೆ, ಮೇಲೆ ದೊಡ್ಡ ಫ್ಲ್ಯಾಶ್ ಕೂರಿಸಿದೆ, ಲೆನ್ಸಿಗೆ ಅಗಲದ ಹುಡ್ ಹಾಕಿದೆ. ವಾಪಸ್ ಬಂದಾಗ ಅದೇ ದೊಡ್ಡಪ್ಪ "ಹಾಂ, ಇದು ಕ್ಯಾಮೆರಾ" ಅಂದು ನನಗೆ ಕಾಫಿ ಹೇಳಿದರು.

ಅವರು ತಪ್ಪು ಅಂತ ನಾನು ಹೇಳುವುದಿಲ್ಲ. ಅವರಿಗೆ ಫೋಟೋ ಸಿಗುವುದು ಎರಡು ತಿಂಗಳಾದ ಮೇಲೆ. ಅವತ್ತು ಅವರ ಕಣ್ಣಿಗೆ ಕಂಡದ್ದು ನನ್ನ ಕೈಲಿದ್ದ ಸಾಮಾನು ಮಾತ್ರ. ಹಾಗಾಗಿ ಮದುವೆ ಕೆಲಸಕ್ಕೆ ಇಳಿಯುವವರು ಬಾಡಿ ಆರಿಸುವಾಗ ಅದಕ್ಕೆ ಬ್ಯಾಟರಿ ಗ್ರಿಪ್ ಸಿಗುತ್ತದಾ ಅಂತ ಕೇಳಿ. ಕೆಲವಕ್ಕೆ ಸಿಗುವುದಿಲ್ಲ. ಸಿಕ್ಕಿದರೆ ಚಾರ್ಜ್ ಎರಡರಷ್ಟು ಬರುತ್ತದೆ, ನನ್ನ ಕಿರುಬೆರಳಿಗೆ ಜಾಗ ಸಿಗುತ್ತದೆ, ದೊಡ್ಡಪ್ಪನಿಗೂ ಸಮಾಧಾನ. ಗೊತ್ತಾಗದ ಹಾಗೆ ತೆಗೆಯುವ ಕ್ಯಾಂಡಿಡ್ ಮಾತ್ರ ಮಾಡುವವರಿಗೆ ಇದರ ಉಲ್ಟಾ. ಚಿಕ್ಕ ಕ್ಯಾಮೆರಾ ಕಂಡರೆ ಅಜ್ಜಿಯರು ಸೆರಗು ಸರಿ ಮಾಡಿಕೊಂಡು ಕಲ್ಲಾಗಿ ಕೂರುವುದಿಲ್ಲ.

ಹಳೇ ಬಾಡಿಯ ಮೈ ಓದುವುದು

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಶಟರ್ ಕೌಂಟ್, ಅಂದರೆ ಇಲ್ಲಿಯವರೆಗೆ ಎಷ್ಟು ಫೋಟೋ ಹೊಡೆದಿದೆ ಅಂತ, ಕೇಳುತ್ತಾರೆ, ಸರಿ. ಮೈಯನ್ನೂ ಓದಿ. ಹಾಟ್ ಶೂ ಅಂಚಿನ ಬಣ್ಣ ಪೂರ್ತಿ ಹೋಗಿದ್ದರೆ ಅದು ಮದುವೆ ಕ್ಯಾಮೆರಾ, "ಮನೇಲಿ ಸುಮ್ನೆ ಇಟ್ಟಿದ್ದೆ" ಅನ್ನುವ ಮಾತು ಬೇಡ. ತಳ ಗೀರಿಲ್ಲದೆ ಹಿಡಿಕೆ ಸವೆದಿದ್ದರೆ ಒಳ್ಳೆಯ ಲಕ್ಷಣ, ಕೈಯಲ್ಲಿ ಹಿಡಿದು ಬಳಸಿದ್ದಾರೆ, ಎಲ್ಲೆಂದರಲ್ಲಿ ಇಟ್ಟಿಲ್ಲ. ತಳವೆಲ್ಲ ಗೀರು, ಹಿಡಿಕೆಯ ರಬ್ಬರ್ ಮಾತ್ರ ಹೊಚ್ಚಹೊಸದು ಅಂದರೆ ನಿಲ್ಲಿ. ಸ್ಕ್ರೂ ತಲೆಗಳನ್ನು ಬೆಳಕಿಗೆ ಹಿಡಿದು ನೋಡಿ, ಕಚ್ಚು ಹೋಗಿದ್ದರೆ ಯಾರೋ ಬಿಚ್ಚಿದ್ದಾರೆ.

ಬೆಂಗಳೂರಿನ ಒಂದು ಅಂಗಡಿಯಲ್ಲಿ ನಾನು ಹೀಗೇ ಹೊಸ ರಬ್ಬರ್ ನೋಡಿ, "ಎಷ್ಟು ಚೆನ್ನಾಗಿ ಇಟ್ಟಿದ್ದಾರೆ" ಅಂತ ಮರುಳಾಗಿ ಒಂದು ಬಾಡಿ ತಂದೆ. ಮೂರು ವಾರಕ್ಕೆ ಗುಂಡಿಗಳು ತಾವೇ ಒತ್ತಿಕೊಳ್ಳತೊಡಗಿದವು. ರಿಪೇರಿಯವರು ರಬ್ಬರ್ ಕಿತ್ತರೆ ಕೆಳಗೆ ಹಸಿರು ಬೂಷ್ಟು, ನೀರಿಗೆ ಬಿದ್ದಿದ್ದ ಕ್ಯಾಮೆರಾ. ಅಂಗಡಿಯವರು ಕೈ ತೊಳೆದುಕೊಂಡರು. ಆ ಬಾಡಿ ಈಗ ನಮ್ಮ ಷೋಕೇಸಿನಲ್ಲಿದೆ. ಚೆನ್ನಾಗಿ ಕಾಣುತ್ತದೆ, ಬಂದವರೆಲ್ಲ ಬೆಲೆ ಕೇಳುತ್ತಾರೆ.

ಗುಬ್ಬಿ ಹುಡುಗನಿಗೆ ಟೇಪ್ ಅಂಟಿಸಿ ನಾಲ್ಕು ಬಾಡಿ ಕೊಟ್ಟೆ. ನಮ್ಮ 24-70 ಹಾಕಿ ಒಂದೊಂದನ್ನೂ ಹಿಡಿದು ಗಲ್ಲಿ ತುದಿಯವರೆಗೆ ನಡೆದು ಬಾ ಅಂದೆ. ಮೂರನೇ ಸಲ ಬಂದಾಗ ಬೆಳ್ಳಿಯದನ್ನು ಮೆಲ್ಲಗೆ ಕೌಂಟರ್ ಮೇಲಿಟ್ಟು, ಮಣಿಕಟ್ಟು ಒತ್ತಿಕೊಂಡ. ಕೊನೆಗೆ ಆರಿಸಿದ್ದು ಒಂದು ಹಳೇ ಕಪ್ಪು ಬಾಡಿ, ಹಿಡಿಕೆ ಸವೆದದ್ದು, ತಳ ಚೊಕ್ಕಟ ಇರುವುದು. ದುಡ್ಡು ಎಣಿಸಿ ಕೊಟ್ಟ. ಬಾಗಿಲವರೆಗೆ ಹೋದವನು ತಿರುಗಿ ಬಂದ.

"ಅಕ್ಕಾ, ಇದಕ್ಕೆ ಕಂಪನಿ ಸ್ಟ್ರ್ಯಾಪ್ ಇಲ್ವಾ? ದೊಡ್ಡ ಅಕ್ಷರ ಇರ್ತದಲ್ಲ, ಹಳದಿದು?"

ಡ್ರಾಯರ್‌ನಲ್ಲಿ, ಅಪ್ಪನ ವಾಚುಗಳ ಪಕ್ಕ, ಒಂದು ಇತ್ತು. ಕೊಟ್ಟೆ. ಅಕ್ಷರ ಹೊರಗೆ ಕಾಣುವ ಹಾಗೆ ಕೊರಳಿಗೆ ಹಾಕಿಕೊಂಡು ಬಸ್ ಸ್ಟ್ಯಾಂಡ್ ಕಡೆ ಹೊರಟ.